ಮ್ಯಾನಿಂಗ್ ಪ್ರೊಫೆಸರ್ ಆಗಿರಲಿಲ್ಲ, ‘ಎನ್’ ಅವರದ್ದೂ ಅಲ್ಲ

ರಾಬರ್ಟ್ ಮ್ಯಾನಿಂಗ್ ಹೈಡ್ರಾಲಿಕ್ಸ್ ಪ್ರೊಫೆಸರ್ ಆಗಿದ್ದರು, ಕಾಲುವೆಗಳಲ್ಲಿ ಪ್ರಯೋಗ ಮಾಡಿ, ನೀರಿನ ವೇಗ ಲೆಕ್ಕ ಹಾಕುವ ತಮ್ಮ ಸೂತ್ರವನ್ನೂ ಅದರಲ್ಲಿ ಬರುವ ಒರಟುತನದ ಗುಣಾಂಕ ‘ಎನ್’ (ಕಾಲುವೆಯ ಮೈ ಎಷ್ಟು ಒರಟು ಎಂಬುದನ್ನು ಸೂಚಿಸುವ ಅಂಕಿ) ಅನ್ನೂ ಕಂಡುಹಿಡಿದರು ಎಂಬ ಟಿಪ್ಪಣಿ ವಿದ್ಯಾರ್ಥಿಗಳ ನಡುವೆ ಹರಿದಾಡುತ್ತಿದೆ. ಇದು ಸರಿಯಲ್ಲ.

ಮ್ಯಾನಿಂಗ್ (1816–1897) ಎಂಜಿನಿಯರಿಂಗ್ ಓದಿದವರೇ ಅಲ್ಲ. ಮೊದಲು ಲೆಕ್ಕಪತ್ರದ ಕೆಲಸ ಮಾಡುತ್ತಿದ್ದವರು ಐರ್ಲೆಂಡಿನ ಲೋಕೋಪಯೋಗಿ ಇಲಾಖೆಗೆ ಸೇರಿ, ಪುಸ್ತಕ ಓದಿ ಕಲಿತು, 1874ರಲ್ಲಿ ಅಲ್ಲಿನ ಮುಖ್ಯ ಎಂಜಿನಿಯರ್ ಆದರು. 1889ರಲ್ಲಿ ಮಂಡಿಸಿದ ಪ್ರಬಂಧದಲ್ಲಿ ಅವರು ಆಗ ಬಳಕೆಯಲ್ಲಿದ್ದ ಏಳು ಸೂತ್ರಗಳ ಫಲಿತಾಂಶಗಳ ಸರಾಸರಿ ತೆಗೆದು, ಅದಕ್ಕೆ ಹೊಂದುವ ಸೂತ್ರ ಕಟ್ಟಿದರು. ಅದನ್ನು ಫ್ರೆಂಚ್ ಎಂಜಿನಿಯರ್ ಬಾಜಾಂ ಅವರ ಅಳತೆಗಳೊಡನೆ ತಾಳೆ ನೋಡಿದರು. ಆದರೆ ಈ ಸೂತ್ರದಲ್ಲಿ ಘನಮೂಲ ತೆಗೆಯುವ ತೊಡಕು ಇಷ್ಟವಾಗದೆ ಅದೇ ಪ್ರಬಂಧದಲ್ಲಿ ಬೇರೊಂದು ಸೂತ್ರವನ್ನೇ ಶಿಫಾರಸು ಮಾಡಿದ್ದರು! ‘ಎನ್’ ಸ್ವಿಸ್ ಎಂಜಿನಿಯರ್‌ಗಳಾದ ಗ್ಯಾಂಗಿಯೆ–ಕುಟರ್ ಅವರ ಸೂತ್ರದ್ದು, 1869ರದು.

ಟಿಪ್ಪಣಿಯ ಇನ್ನೊಂದು ಮಾತು ಹೆಚ್ಚು ಅಪಾಯಕಾರಿ: ಮಣ್ಣಿನ ಕಾಲುವೆಗೆ ‘ಎನ್’ ಯಾವಾಗಲೂ 0.025 ಅಂತೆ. ಹೈಡ್ರಾಲಿಕ್ ತ್ರಿಜ್ಯ (ನೀರಿನ ಅಡ್ಡಕೊಯ್ತದ ವಿಸ್ತೀರ್ಣವನ್ನು ಒದ್ದೆಯಾದ ಅಂಚಿನ ಉದ್ದದಿಂದ ಭಾಗಿಸಿದ್ದು) 0.5 ಮೀಟರ್, ಇಳಿಜಾರು 0.0004 ಎಂದುಕೊಳ್ಳಿ. ತ್ರಿಜ್ಯದ ಮೂರನೇ ಎರಡು ಘಾತ 0.63, ಇಳಿಜಾರಿನ ವರ್ಗಮೂಲ 0.02. ಮ್ಯಾನಿಂಗ್ ಸೂತ್ರದಂತೆ ಇವೆರಡನ್ನು ಗುಣಿಸಿ ‘ಎನ್’, ಅಂದರೆ 0.025ರಿಂದ ಭಾಗಿಸಿದರೆ ವೇಗ ಸೆಕೆಂಡಿಗೆ 0.50 ಮೀಟರ್. ಕಳೆ ಬೆಳೆದು ‘ಎನ್’ 0.035 ಆದರೆ 0.36 ಮಾತ್ರ. ಅಷ್ಟೇ ನೀರು ಬಿಟ್ಟರೆ ನೀರಿನ ಮಟ್ಟ ಹೆಚ್ಚಿ ಕಾಲುವೆಯ ಏರಿಯ (ದಂಡೆಯ) ಮೇಲೆ ಹರಿಯಬಹುದು. ಹಾಗಾಗಿ ಹೊಸ ಕಾಲುವೆಯ ಅಂಕಿಯಲ್ಲದೆ, ಕಳೆ ತೆಗೆಯುವ ಮುಂಚಿನ ಸ್ಥಿತಿಯ ಅಂಕಿಯನ್ನೂ ಹಾಕಿ ಏರಿಯ ಎತ್ತರ ಪರೀಕ್ಷಿಸಬೇಕು.