ಆ ಕೆಂಪು ಕೊಂಡಿ ಇರಲಿ ಬಿಡಿ

ಕರಾವಳಿಯ ಅಡುಗೆ, ಬೇಸಾಯ, ಗಿಡಮರಗಳ ಬಗ್ಗೆ ನಾವು ಏಳೆಂಟು ಜನ ಸೇರಿ ಒಂದು ಚಿಕ್ಕ ವಿಕಿ ನಡೆಸುತ್ತಿರುವುದು ಇಲ್ಲಿ ಕೆಲವರಿಗೆ ಗೊತ್ತುಂಟು. ಮೀಡಿಯಾವಿಕಿಯಲ್ಲೇ ಮಾಡಿದ್ದು, ವಿಕಿಪೀಡಿಯ ನಡೆಯುವ ಅದೇ ತಂತ್ರಾಂಶ. ಅದರಲ್ಲಿ ಇನ್ನೂ ಬರೆಯದ ಪುಟದ ಕೊಂಡಿ ಕೆಂಪಾಗಿ ಕಾಣುತ್ತದೆ, ಒತ್ತಿದರೆ ಆ ಪುಟ ಬರೆಯಲು ಶುರು ಮಾಡಬಹುದು. ಕಳೆದ ಭಾನುವಾರ ಮಂಗಳೂರಲ್ಲಿ ಕೂತಾಗ ಗೆಳೆಯರೊಬ್ಬರು ಹಳೆಯ ಮಾತನ್ನೇ ಮತ್ತೆ ಎತ್ತಿದರು. "ಇಲ್ಲದ ಪುಟದ ಕೆಂಪು ಕೊಂಡಿಗಳನ್ನು ಹೊರಗಿನವರಿಗೆ ಕಾಣದ ಹಾಗೆ ಮಾಡುವ ಮಾರಾಯ್ರೆ. ಸೈಟ್ ಹಾಳಾಗಿದೆ ಅಂತ ತಿಳ್ಕೊಳ್ತಾರೆ ಜನ." ನನಗೆ ಅದು ಒಪ್ಪಿಗೆಯಿಲ್ಲ. ಅಲ್ಲಿ ಗಡಿಬಿಡಿಯಲ್ಲಿ ಸರಿಯಾಗಿ ಹೇಳಲಾಗಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಒಮ್ಮೆ ಅಡಗಿಸಿದ್ದೆವು. ಅಡಗಿಸಿದವನು ನಾನೇ. ಕ್ಯಾಸಿನೊ ಜಾಹೀರಾತು ತುಂಬುವವರ ಕಾಟ ತಡೆಯಲಾರದೆ ಲಾಗಿನ್ ಆಗದವರಿಗೆ ಬರೆಯುವ ಅವಕಾಶ ಮುಚ್ಚಿದೆವು. ಬರೆಯಲು ಆಗದವರಿಗೆ ಕೆಂಪು ತೋರಿಸಿ ಏನು ಪ್ರಯೋಜನ ಅಂತ ನನಗೂ ಅನ್ನಿಸಿತ್ತು. ಮೊದಲು ಕೊಂಡಿ ತಯಾರಾಗುವಲ್ಲಿಗೇ ಕೈ ಹಾಕಿದೆ: ಲಾಗಿನ್ ಇಲ್ಲದಿದ್ದರೆ ಕೊಂಡಿ ಬೇಡ, ಬರೀ ಅಕ್ಷರ ಸಾಕು ಎಂಬ ನಾಲ್ಕು ಸಾಲಿನ ಕೋಡ್. ಎರಡು ದಿನದಲ್ಲಿ ಎಲ್ಲ ಕಲಸುಮೇಲೋಗರ. ಮೀಡಿಯಾವಿಕಿ ಒಮ್ಮೆ ಸಿದ್ಧಪಡಿಸಿದ ಪುಟವನ್ನು ಪಾರ್ಸರ್ ಕ್ಯಾಶೆ ಎಂಬ ದಾಸ್ತಾನಿನಲ್ಲಿ ಇಟ್ಟುಕೊಂಡು ಎಲ್ಲರಿಗೂ ಅದನ್ನೇ ಬಡಿಸುತ್ತದೆ. ಸದಸ್ಯರು ಮೊದಲು ತೆರೆದ ಪುಟ ಹೊರಗಿನವರಿಗೂ ಕೆಂಪಾಗಿ ಹೋಯಿತು, ಹೊರಗಿನವರು ಮೊದಲು ತೆರೆದದ್ದರಲ್ಲಿ ನಮಗೇ ಕೊಂಡಿ ಇಲ್ಲ. ಈ ದಾರಿ ಹಿಡಿಯುವವರು ದಯವಿಟ್ಟು ಇದನ್ನು ನೆನಪಿಡಿ. ಆಮೇಲೆ ಸಿಎಸ್‌ಎಸ್‌ನಲ್ಲಿ, ಅಂದರೆ ಪುಟದ ಬಣ್ಣ, ರೂಪ ಹೇಳುವ ಕೋಡಿನಲ್ಲಿ ಮಾಡಿದೆ. ಇಲ್ಲದ ಪುಟದ ಕೊಂಡಿಗೆ 'ನ್ಯೂ' ಎಂಬ ಕ್ಲಾಸ್, ಅಂದರೆ ಗುರುತಿನ ಹೆಸರು, ಇರುತ್ತದೆ. ಎಲ್ಲರಿಗೂ ಅನ್ವಯಿಸುವ ಕಾಮನ್ ಸಿಎಸ್‌ಎಸ್ ಪುಟದಲ್ಲಿ ಅದಕ್ಕೆ ಸುತ್ತಲಿನ ಅಕ್ಷರದ ಬಣ್ಣವನ್ನೇ ಕೊಟ್ಟು, ಲಾಗಿನ್ ಆದವರಿಗೆ ಮಾತ್ರ ಬರುವ ಗ್ರೂಪ್-ಯೂಸರ್ ಸಿಎಸ್‌ಎಸ್‌ನಲ್ಲಿ ಮತ್ತೆ ಕೆಂಪು ಮಾಡಿದರೆ ಆಯಿತು. ಕ್ಯಾಶೆಯ ತೊಂದರೆ ಇಲ್ಲ, ನೋಡಲೂ ಚೊಕ್ಕ.

ಐದು ತಿಂಗಳು ಹಾಗೇ ಇತ್ತು. ಆ ಐದು ತಿಂಗಳಲ್ಲಿ ಹೊರಗಿನಿಂದ ಒಬ್ಬರೂ "ಇದು ನನಗೆ ಗೊತ್ತುಂಟು" ಅಂತ ಬರಲಿಲ್ಲ. ಬರುವುದು ಹೇಗೆ? ಏನು ಇಲ್ಲ ಅಂತ ಕಂಡರೆ ತಾನೇ ಕೊಡಲು ಮನಸ್ಸಾಗುವುದು.

ವಾರ್ಡ್ ಕನ್ನಿಂಗ್‌ಹ್ಯಾಮ್ 1995ರಲ್ಲಿ ಮೊದಲ ವಿಕಿ ಮಾಡಿದಾಗ, ಇನ್ನೂ ಬರೆಯದ ಪುಟದ ಹೆಸರಿನ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆ ಇರುತ್ತಿತ್ತು. ಕೆಂಪು ಬಂದದ್ದು ಆಮೇಲೆ. ಚಿಹ್ನೆಯಾದರೂ ಬಣ್ಣವಾದರೂ ಅದು ಕೇಳುವುದು ಒಂದೇ ಮಾತು: ಇದು ನಿಮಗೆ ಗೊತ್ತುಂಟಾ? 2016ರಲ್ಲಿ ತುಳು ವಿಕಿಪೀಡಿಯ, ಹೊಸ ಭಾಷೆಯ ವಿಕಿಗಳನ್ನು ಮೊದಲು ಬೆಳೆಸುವ ಇನ್‌ಕ್ಯುಬೇಟರಿನಿಂದ ಹೊರಗೆ ಬಂದಾಗ ನಾನು ತೆರೆದ ಪುಟಗಳಲ್ಲೆಲ್ಲ ಕೆಂಪು. ನನಗೆ ಆಗ ಆದದ್ದು ಖುಷಿ, ಇಷ್ಟೆಲ್ಲ ಬರೆಯಲಿಕ್ಕೆ ಉಂಟಲ್ಲ ಅಂತ.

ಹಾಗಾದರೆ ತಪ್ಪು ಇದ್ದದ್ದು ಎಲ್ಲಿ? ಕೆಂಪು ಒತ್ತಿದ ಮೇಲೆ ಬರುವ ಪುಟದಲ್ಲಿ. ಬರೆಯುವ ಅನುಮತಿ ಇಲ್ಲದವರು ಒತ್ತಿದರೆ ಮೀಡಿಯಾವಿಕಿ ಸಂಪಾದನೆಯ ಪೆಟ್ಟಿಗೆ ತೆರೆಯದೆ, ಪುಟ ಇಲ್ಲ, ನಿಮಗೆ ಸೃಷ್ಟಿಸುವ ಅನುಮತಿಯೂ ಇಲ್ಲ ಎಂಬ ಒಣ ಸಂದೇಶಕ್ಕೆ ಕಳಿಸುತ್ತದೆ. ಮನೆಗೆ ಬಂದವರನ್ನು ಜಗಲಿಯಿಂದಲೇ ವಾಪಸ್ ಕಳಿಸಿದ ಹಾಗೆ. ಆ ಸಂದೇಶ ಇರುವುದು ತಂತ್ರಾಂಶದ ಸಂದೇಶಗಳನ್ನೆಲ್ಲ ಇಟ್ಟಿರುವ ವಿಭಾಗವಾದ ಮೀಡಿಯಾವಿಕಿ ನೇಮ್‌ಸ್ಪೇಸಿನ 'ನೋಆರ್ಟಿಕಲ್‌ಟೆಕ್ಸ್ಟ್-ನೋಪರ್ಮಿಷನ್' ಎಂಬ ಪುಟದಲ್ಲಿ. ನಿರ್ವಾಹಕರು ಅದನ್ನು ಮಾಮೂಲು ಪುಟದ ಹಾಗೇ ತಿದ್ದಬಹುದು, ಕೋಡ್ ಬೇಡ. ನಾವು ಬರೆದದ್ದು ಇಷ್ಟು: "ಇದರ ಬಗ್ಗೆ ನಮಗೆ ಇನ್ನೂ ಯಾರೂ ಹೇಳಿಲ್ಲ. ನಿಮಗೆ ಗೊತ್ತಿದ್ದರೆ ಈ ನಂಬರಿಗೆ ವಾಟ್ಸಾಪಿನಲ್ಲಿ ಮಾತಾಡಿ ಕಳಿಸಿ, ಬರೆಯುವ ಕೆಲಸ ನಮ್ಮದು."

ಅಷ್ಟಮಿಗೆ ನಾಲ್ಕು ದಿನ ಇರುವಾಗ ಒಂದು ಆಡಿಯೋ ಬಂತು. ಉಡುಪಿ ಕಡೆಯ ಒಬ್ಬರು ಅಕ್ಕ. ಎಲೆಯ ಕೊಟ್ಟೆಯಲ್ಲಿ ಬೇಯಿಸುವ ಇಡ್ಲಿಯಂಥ ಮೂಡೆಯ ಪುಟ ಓದುತ್ತಾ 'ಎಲೆ ಸುತ್ತುವ ಕ್ರಮ' ಎಂಬ ಕೆಂಪು ಒತ್ತಿದ್ದಾರೆ. "ಅದೆಂತ ಬರೀಲಿಲ್ಲ ನೀವು? ಅದೇ ಅಲ್ವಾ ಮುಖ್ಯ?" ಅಂತ ಶುರು ಮಾಡಿ ಹನ್ನೊಂದು ನಿಮಿಷ ಹೇಳಿದರು. ಕೇದಗೆ ಜಾತಿಯ ಮುಂಡಕದ ಎಲೆಯ ಅಂಚಿನ ಮುಳ್ಳು ಹೇಗೆ ಸೀಳಿ ತೆಗೆಯುವುದು, ಬೆಂಕಿಗೆ ಎಷ್ಟು ಹಿಡಿದರೆ ಎಲೆ ಮೆತ್ತಗಾಗುತ್ತದೆ, ಎಷ್ಟು ಹಿಡಿದರೆ ಕರಟುತ್ತದೆ, ಸುತ್ತಿ ಕಡ್ಡಿ ಚುಚ್ಚುವಾಗ ಹಿಟ್ಟು ಸೋರದ ಹಾಗೆ ತಳ ಎಲ್ಲಿ ಮಡಚಬೇಕು. ಅವರ ಅತ್ತೆ ಕಲಿಸಿದ್ದಂತೆ. ಅವರು ಖಾತೆ ತೆರೆದು, ಪಾಸ್‌ವರ್ಡ್ ಹಾಕಿ ನಮಗಾಗಿ ಬರೆಯುತ್ತಿರಲಿಲ್ಲ. ನಮಗೆ ಬೇಕಾದ ವಿಷಯ ಇರುವುದು ಲಾಗಿನ್ ಆಗದ ಇಂಥವರ ಕೈಯಲ್ಲೇ. ಅವರಿಂದ ಅಡಗಿಸಿ, ಒಳಗಿರುವ ನಮಗೆ ನಾವೇ ಕೆಂಪು ತೋರಿಸಿಕೊಳ್ಳುವುದೆಂದರೆ ಕೇಳಬೇಕಾದವರನ್ನೇ ಕೇಳದೆ ಬಿಟ್ಟಂತೆ.

ಚಂದ ಕಾಣುವುದಿಲ್ಲ ಎಂಬ ದೂರಿನಲ್ಲಿ ಸ್ವಲ್ಪ ಹುರುಳುಂಟು, ಒಪ್ಪುತ್ತೇನೆ. ಒಂದು ಸಾಲಿಗೆ ಆರು ಕೆಂಪು ಇದ್ದರೆ ಓದುವುದು ಕಷ್ಟ. ಯಾರೂ ಎಂದೂ ಬರೆಯಲಾರದ ವಿಷಯಕ್ಕೆ ಕೊಂಡಿ ಕೊಡುವುದನ್ನು ನಾವೇ ಬಿಡಬೇಕು. ಕಣ್ಣಿಗೆ ಹೊಡೆಯುವ ಆ ಕೆಂಪನ್ನು ನಮ್ಮ ಹಳೆಯ ಗುಡಿಗಳ ಗೋಡೆಯ ಕಾವಿ ಬಣ್ಣಕ್ಕೆ ಇಳಿಸಿ, ಕೆಳಗೆ ಚುಕ್ಕಿಗೆರೆ ಹಾಕಿದ್ದೇನೆ. ಕೆಂಪು ಗುರುತಿಸಲಾಗದ ಕಣ್ಣಿನವರಿಗೂ ಗೊತ್ತಾಗಲಿ ಅಂತ.

'ಬೇಕಾಗಿರುವ ಪುಟಗಳು' ಪಟ್ಟಿಯಲ್ಲಿ ಇವತ್ತು ಮೇಲಿರುವುದು ಕೊಳಕೆ. ಭತ್ತದ ಮೊದಲ ಬೆಳೆ ಏಣೆಲು ಬರೆದಾಯಿತು, ಎರಡನೆಯದು ಸುಗ್ಗಿ ಬರೆದಾಯಿತು, ಮೂರನೇ ಬೆಳೆಗೆ ನೀರು ಕಟ್ಟಿ ಕೊಳಕೆ ಮಾಡಿದವರು ನಮಗೆ ಸಿಗಲಿಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಇದ್ದರೆ ಅವರಿಗೆ ಆ ಪುಟ ತೆರೆದು ತೋರಿಸಿ.