ಅಮೆರಿಕದ ಭವಿಷ್ಯಕ್ಕೆ 90 ದಾಟಿತು

ಅಮೆರಿಕದಲ್ಲಿ ವಿಮಾನಗಳಿಗೆ ಏರು, ಇಳಿ ಎಂದು ದಾರಿ ಹೇಳುವ ಏರ್ ಟ್ರಾಫಿಕ್ ಕಂಟ್ರೋಲರ್ 56ನೇ ವಯಸ್ಸಿಗೆ ಗಂಟುಮೂಟೆ ಕಟ್ಟಬೇಕು. ಅಲ್ಲಿನ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐನ ಏಜೆಂಟ್‌ಗೆ 57. ಏರ್‌ಲೈನ್ ಪೈಲಟ್‌ಗೆ 65. ಕಣ್ಣು ಮಂಜಾಗಬಹುದು, ಕೈ ನಡುಗಬಹುದು, ಇನ್ನೂರು ಜನರ ಜೀವದ ವಿಷಯ ನೋಡಿ ಅಂತ ಸರ್ಕಾರ ಕಾನೂನು ಮಾಡಿದೆ. ಸರಿಯಾದ ಮಾತೇ. ಆದರೆ ಆ ಕಾನೂನು ಮಾಡುವವರಿಗೆ ಇಂಥ ಕಾಟ ಇಲ್ಲ. 34 ಕೋಟಿ ಜನರ ದೇಶ ಓಡಿಸಲು ಕಣ್ಣು, ಕೈ ಎಲ್ಲ ಯಾಕೆ ಬೇಕು? ದೇಶಭಕ್ತಿ ಇದ್ದರೆ ಸಾಕಲ್ವಾ?

ತಪ್ಪು ಸಂವಿಧಾನ ಬರೆದವರದ್ದು. ಕೆಳಮನೆಗೆ ಕನಿಷ್ಠ 25 ವರ್ಷ, ಮೇಲ್ಮನೆಯಾದ ಸೆನೆಟ್‌ಗೆ 30, ಅಧ್ಯಕ್ಷರಾಗಲು 35 ಅಂತ ಬರೆದರು. ಹುಡುಗರು ಒಳಗೆ ನುಗ್ಗದ ಹಾಗೆ ಮುಂಬಾಗಿಲಿಗೆ ಚಿಲಕ ಹಾಕಿದರು. ಹಿಂಬಾಗಿಲು ಇಡುವುದನ್ನು ಮಾತ್ರ ಮರೆತರು. ಇಷ್ಟು ವರ್ಷ ಯಾರು ಬದುಕಿರುತ್ತಾರೆ ಅಂದುಕೊಂಡಿರಬೇಕು, ಪಾಪ. 1776ರಲ್ಲಿ ಸ್ವಾತಂತ್ರ್ಯದ ಘೋಷಣೆ ಬರೆದಾಗ ಜೆಫರ್ಸನ್‌ಗೆ 33. ಈಗಿನ ವಾಷಿಂಗ್ಟನ್‌ಗೆ ಹೋಗಿದ್ದರೆ ಅವರಿಗೆ ಯಾವುದೋ ಸೆನೆಟರ್ ಕಚೇರಿಯಲ್ಲಿ ಫೋನ್ ಎತ್ತುವ ಕೆಲಸ ಸಿಗುತ್ತಿತ್ತು. ಸಹಿ ಹಾಕಿದವರಲ್ಲೆಲ್ಲ ಹಿರಿಯರು ಬೆಂಜಮಿನ್ ಫ್ರಾಂಕ್ಲಿನ್. ಅವರಿಗೆ 70. ಇವತ್ತಾಗಿದ್ದರೆ ಉದಯೋನ್ಮುಖ ನಾಯಕ ಅಂತ ಟಿವಿಯವರು ಕರೆಯುತ್ತಿದ್ದರು.

ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ ಅಂತ ನಮ್ಮ ಕಡೆ ಒಂದು ಮಾತಿದೆ. ವಾಷಿಂಗ್ಟನ್ ಎಂಬ ಊರು ಯಾರಿಗೂ ಹೋಗು ಅನ್ನುವುದಿಲ್ಲ. ಇನ್ನೊಂದು ಅವಧಿ ಇದ್ದು ಹೋಗಿ ಅನ್ನುತ್ತೆ.

ಅಯೋವಾ ರಾಜ್ಯದ ಸೆನೆಟರ್ ಚಕ್ ಗ್ರಾಸ್ಲಿಯವರನ್ನೇ ನೋಡಿ. ಹುಟ್ಟಿದ್ದು 1933ರಲ್ಲಿ. ಫ್ರಾಂಕ್ಲಿನ್ ರೂಸ್‌ವೆಲ್ಟ್ ಮೊದಲ ಸಲ ಅಧ್ಯಕ್ಷರಾದ ವರ್ಷ ಅದು. 2021ರಲ್ಲಿ ಬೆಳಗಿನ ಜಾವ 4 ಗಂಟೆಗೆ ಎದ್ದು, ರಸ್ತೆಯಲ್ಲಿ ಓಡುತ್ತಿರುವ ವಿಡಿಯೊ ಹಾಕಿ, ಇನ್ನೂ ಆರು ವರ್ಷಕ್ಕೆ ಸ್ಪರ್ಧಿಸುತ್ತೇನೆ ಎಂದರು. ಮರುವರ್ಷ 89ಕ್ಕೆ ಗೆದ್ದರು. ಅವಧಿ ಮುಗಿಯುವುದು 2029ರ ಜನವರಿಯಲ್ಲಿ. ಆಗ ಅವರಿಗೆ 95. ಹಿರಿತನದ ಲೆಕ್ಕದಲ್ಲಿ ಅವರೀಗ ಸೆನೆಟ್‌ನ ಹಂಗಾಮಿ ಸಭಾಪತಿ. ಅಂದರೆ ಅಧ್ಯಕ್ಷರಿಗೆ ಏನಾದರೂ ಆದರೆ ಉಪಾಧ್ಯಕ್ಷರು, ಅವರೂ ಇಲ್ಲದಿದ್ದರೆ ಕೆಳಮನೆಯ ಸ್ಪೀಕರ್, ಅವರೂ ಇಲ್ಲದಿದ್ದರೆ ಗ್ರಾಸ್ಲಿ ಅಜ್ಜ. ಮೂರು ಜನರ ಆಯಸ್ಸು ಗಟ್ಟಿ ಇರಲಿ ಅಂತ ಇಡೀ ದೇಶ ಹರಕೆ ಹೊತ್ತಿರಬೇಕು.

ಗ್ರಾಸ್ಲಿಯವರಾದರೂ ಓಡುತ್ತಾರೆ. ಕೆಂಟಕಿಯ ಸೆನೆಟರ್ ಮಿಚ್ ಮೆಕಾನೆಲ್ 2023ರ ಆಗಸ್ಟ್‌ನಲ್ಲಿ ಮೈಕಿನ ಮುಂದೆ ನಿಂತಿದ್ದರು. ಆಗ ಅವರಿಗೆ 81. 2026ರಲ್ಲಿ ಮತ್ತೆ ಸ್ಪರ್ಧಿಸುತ್ತೀರಾ ಎಂದು ಪತ್ರಕರ್ತರೊಬ್ಬರು ಕೇಳಿದರು. ಅವರು ಅಲ್ಲೇ ಅರ್ಧ ನಿಮಿಷ ಮಾತಿಲ್ಲದೆ ನಿಂತುಬಿಟ್ಟರು. ಹಿಂದಿನ ತಿಂಗಳೂ ಹೀಗೇ ಆಗಿತ್ತು. ಸಂಸತ್ ಭವನ ಕ್ಯಾಪಿಟಲ್‌ನ ವೈದ್ಯರು, ಕೆಲಸ ಮುಂದುವರಿಸಲು ಅಡ್ಡಿಯಿಲ್ಲ ಎಂದು ಚೀಟಿ ಕೊಟ್ಟರು. ಹುಷಾರಿಲ್ಲದ ಮನುಷ್ಯನನ್ನು ನೋಡಿ ನಗಬಾರದು, ನಾನೂ ನಗುತ್ತಿಲ್ಲ. ನಗು ಬರುವುದು ಸುತ್ತ ನಿಂತಿದ್ದವರನ್ನು ನೋಡಿ.

ಅದೇ ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದ ಸೆನೆಟರ್ ಡಯಾನ್ ಫೈನ್‌ಸ್ಟೈನ್ ಸಮಿತಿ ಸಭೆಯಲ್ಲಿ ರಕ್ಷಣಾ ಬಜೆಟ್‌ಗೆ ಮತ ಹಾಕಬೇಕಿತ್ತು. ಅವರು ಭಾಷಣ ಓದಲು ಶುರು ಮಾಡಿದರು. ಸುಮ್ನೆ ಹೌದು ಅಂದುಬಿಡಿ ಅಂತ ಅಧ್ಯಕ್ಷೆ ಹೇಳಿಕೊಟ್ಟರು. ಅವರು ಹೌದು ಅಂದರು. ಆಯಿತು, ಸೈನ್ಯಕ್ಕೆ ದುಡ್ಡು ಮಂಜೂರು. 90ರ ಆ ಹಿರಿಯರು ಎರಡು ತಿಂಗಳಾದ ಮೇಲೆ, ಸೆನೆಟರ್ ಆಗಿದ್ದಾಗಲೇ ತೀರಿಕೊಂಡರು.

ಟೆಕ್ಸಾಸ್‌ನ ಕೆಳಮನೆ ಸದಸ್ಯೆ ಕೇ ಗ್ರೇಂಜರ್ ಅವರದು ಇನ್ನೂ ಒಂದು ಹೆಜ್ಜೆ ಮುಂದೆ. 2024ರ ಜುಲೈ ನಂತರ ಅವರು ಮತ ಹಾಕಿದ್ದೇ ಇಲ್ಲ. ಎಲ್ಲಿದ್ದಾರೆ ಎಂದು ಡಿಸೆಂಬರ್‌ನಲ್ಲಿ ಹುಡುಕಿದರೆ, ನಿವೃತ್ತರ ವಸತಿಗೃಹವೊಂದರಲ್ಲಿ ಸಿಕ್ಕಿದರು. ಆಗ ಏಳು ಲಕ್ಷಕ್ಕೂ ಜಾಸ್ತಿ ಜನರ ಪ್ರತಿನಿಧಿ ಅವರು. ವರ್ಷಕ್ಕೆ 1,74,000 ಡಾಲರ್ ಸಂಬಳ. ಐದು ತಿಂಗಳು ಆ ಕ್ಷೇತ್ರಕ್ಕೆ ಪ್ರತಿನಿಧಿ ಇಲ್ಲ ಅಂತ ಯಾರಿಗೂ ಗೊತ್ತಾಗಲಿಲ್ಲ ಅಂದರೆ, ಪ್ರತಿನಿಧಿ ಇದ್ದಾಗ ಏನು ಗೊತ್ತಾಗುತ್ತಿತ್ತೋ!

ಎಲ್ಲಕ್ಕಿಂತ ಮೇಲಿನ ಕುರ್ಚಿಯ ಕಥೆ ಎಲ್ಲರೂ ಟಿವಿಯಲ್ಲಿ ನೋಡಿದ್ದಾರೆ. 2024ರ ಜೂನ್ 27ರ ರಾತ್ರಿ 81ರ ಬೈಡನ್, 78ರ ಟ್ರಂಪ್ ಎದುರು ಬದುರು ನಿಂತರು. ಯುದ್ಧ, ವಲಸೆ, ಹಣದುಬ್ಬರ ಎಲ್ಲ ಮುಗಿದ ಮೇಲೆ ವಯಸ್ಸಿನ ಮಾತು ಬಂತು. ತಕ್ಷಣ ಇಬ್ಬರೂ ನಾನು ಗಾಲ್ಫ್ ಚೆನ್ನಾಗಿ ಆಡ್ತೀನಿ, ನಾನು ನಿನಗಿಂತ ಚೆನ್ನಾಗಿ ಆಡ್ತೀನಿ ಅಂತ ಶುರು ಮಾಡಿದರು. ಮಕ್ಕಳ ಥರ ಆಡೋದು ಬೇಡ ಅಂತ ಟ್ರಂಪ್. ನೀನೇ ಮಗು ಅಂತ ಬೈಡನ್. ಅಣುಬಾಂಬಿನ ಗುಂಡಿ ಯಾರ ಕೈಗೆ ಅಂತ ತೀರ್ಮಾನಿಸುವ ಚರ್ಚೆ ಇದು. ಬೈಡನ್ ಮುಂದಿನ ತಿಂಗಳು ಕಣದಿಂದ ಹಿಂದೆ ಸರಿದರು. ಅವರು ಮುದುಕರು ಅಂತ ತೀರ್ಮಾನವಾಯಿತು. ದೇಶ ಟ್ರಂಪ್ ಅವರನ್ನು ಆರಿಸಿತು. ಪ್ರಮಾಣವಚನದ ದಿನ ಅವರು ಅಮೆರಿಕದ ಚರಿತ್ರೆಯಲ್ಲೇ ಅತಿ ಹೆಚ್ಚು ವಯಸ್ಸಿಗೆ ಪ್ರಮಾಣ ಸ್ವೀಕರಿಸಿದ ಅಧ್ಯಕ್ಷರಾದರು.

ಇಷ್ಟಾದ ಮೇಲೆ ಬೈಡನ್ ಅವರ ಡೆಮಾಕ್ರಟಿಕ್ ಪಕ್ಷ ಪಾಠ ಕಲಿತಿರಬೇಕು ಅಂದುಕೊಂಡರೆ ನೀವು ಆ ಪಕ್ಷವನ್ನು ನೋಡಿಲ್ಲ. 2024ರ ಡಿಸೆಂಬರ್‌ನಲ್ಲಿ ಕೆಳಮನೆಯ ಒಂದು ದೊಡ್ಡ ಸಮಿತಿಯಲ್ಲಿ ಪಕ್ಷದ ಮುಖ್ಯಸ್ಥರು ಯಾರಾಗಬೇಕು ಎಂಬ ಆಯ್ಕೆ ನಡೆಯಿತು. ಒಂದು ಕಡೆ 35ರ ಒಕಾಸಿಯೊ ಕಾರ್ಟೆಜ್. ಇನ್ನೊಂದು ಕಡೆ 74ರ ಜೆರ್ರಿ ಕಾನ್ನೊಲಿ. ಅವರು ತಮಗೆ ಅನ್ನನಾಳದ ಕ್ಯಾನ್ಸರ್ ಇದೆ ಎಂದು ಅದಾಗಲೇ ಹೇಳಿದ್ದರು. ಪಕ್ಷ ಹಿರಿತನಕ್ಕೆ ಮಣೆ ಹಾಕಿತು. 2025ರ ಮೇ 21ರಂದು ಕಾನ್ನೊಲಿ ತೀರಿಕೊಂಡರು. ಆ ವಸಂತದಲ್ಲಿ ಹಾಗೆ ಹೋದ ಮೂರನೆಯ ಡೆಮಾಕ್ರಟ್ ಸದಸ್ಯ ಅವರು. ಮರುದಿನ ಬೆಳಿಗ್ಗೆ ತೆರಿಗೆ, ಖರ್ಚಿನ ಬಗ್ಗೆ ಟ್ರಂಪ್ ತಂದ ದೊಡ್ಡ ಮಸೂದೆ ಕೆಳಮನೆಯಲ್ಲಿ 215ಕ್ಕೆ 214 ಮತಗಳಿಂದ, ಒಂದೇ ಒಂದು ಮತದ ಅಂತರದಲ್ಲಿ ಪಾಸಾಯಿತು. ರಾತ್ರಿಯಿಡೀ ನಡೆದ ಆ ಕಲಾಪದಲ್ಲಿ ನಿದ್ದೆ ಹೋಗಿ ಮತ ತಪ್ಪಿಸಿಕೊಂಡ ಒಬ್ಬ ರಿಪಬ್ಲಿಕನ್ ಕೂಡ ಇದ್ದರು. ಅವರ ವಯಸ್ಸು 40. ಈಗಿನ ಕಾಲದ ಹುಡುಗರಿಗೆ ಶಿಸ್ತಿಲ್ಲ ಅಂತ ಹಿರಿಯರು ಸುಮ್ನೆ ಹೇಳುವುದಿಲ್ಲ.

ಆ ಮಸೂದೆಯಲ್ಲಿ ಏನಿತ್ತು ಅಂತ ನೋಡಿದರೆ ಮಜಾ ಇದೆ. ಅಮೆರಿಕದ ವೃದ್ಧರ ಆರೈಕೆ ಮನೆಗಳಲ್ಲಿ ಮಲಗಿರುವ ಹತ್ತು ಜನರಲ್ಲಿ ಸುಮಾರು ಆರು ಜನರ ಖರ್ಚು ನಡೆಯುವುದು ಮೆಡಿಕೇಡ್ ಎಂಬ ಸರ್ಕಾರಿ ಯೋಜನೆಯಿಂದ. ಮಸೂದೆ ಆ ಯೋಜನೆಗೇ ದೊಡ್ಡ ಕತ್ತರಿ ಹಾಕಿತು. ಬದಲಿಗೆ 65 ತುಂಬಿದವರಿಗೆ ತೆರಿಗೆ ಹಾಕುವ ಆದಾಯದಲ್ಲಿ 6,000 ಡಾಲರ್ ತನಕ ವಿನಾಯಿತಿ ಕೊಟ್ಟಿತು. ಆದಾಯವೇ ಇಲ್ಲದೆ ಹಾಸಿಗೆ ಹಿಡಿದ ಅಜ್ಜಿ ಈ ವಿನಾಯಿತಿಯನ್ನು ಯಾವುದರಿಂದ ಕಳೆಯಬೇಕು ಅಂತ ಮಾತ್ರ ಯಾರೂ ಹೇಳಲಿಲ್ಲ. ಸಹಿ ಬಿದ್ದದ್ದು ಜುಲೈ 4ರಂದು. ಸ್ವಾತಂತ್ರ್ಯ ದಿನ ನೋಡಿ, ಪಟಾಕಿ ಹೇಗೂ ತಂದಿಟ್ಟಿದ್ದರು.

ಹಾಗಂತ ಅಮೆರಿಕದ ಅಜ್ಜ ಅಜ್ಜಿಯರೆಲ್ಲ ಕುರ್ಚಿಗೆ ಅಂಟಿಕೊಂಡವರಲ್ಲ. ಚುನಾವಣೆ ದಿನ ಕತ್ತಲಿರುವಾಗಲೇ ಮತಗಟ್ಟೆಗೆ ಬಂದು, ರಾತ್ರಿ ತನಕ ಮಡಚುವ ಕುರ್ಚಿಯಲ್ಲಿ ಕೂತು, ಹೆಸರು ಹುಡುಕಿ ಚೀಟಿ ಕೊಡುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿ 60 ದಾಟಿದವರು. ಸಿಗುವ ಭತ್ಯೆ ಕೈಖರ್ಚಿಗೆ ಸರಿಹೋಗುತ್ತೆ. ಇವರು ಬರದಿದ್ದರೆ ಆ ದೇಶದಲ್ಲಿ ಚುನಾವಣೆಯೇ ನಡೆಯುವುದಿಲ್ಲ. ಇವರಿಗೆ ಸಿಕ್ಕ ಗೌರವ ಹೇಗಿದೆ ಅಂದರೆ, 2020ರಲ್ಲಿ ಜಾರ್ಜಿಯಾದಲ್ಲಿ ಮತ ಎಣಿಸುತ್ತಿದ್ದ 60 ದಾಟಿದ ಹೆಂಗಸೊಬ್ಬರು ಪಕ್ಕದಲ್ಲೇ ಕೆಲಸ ಮಾಡುತ್ತಿದ್ದ ಮಗಳಿಗೆ ಏನೋ ಕೊಟ್ಟರು. ನ್ಯೂಯಾರ್ಕಿನ ಮಾಜಿ ಮೇಯರ್, 76ರ ದೇಶಭಕ್ತ ರೂಡಿ ಜೂಲಿಯಾನಿ ಆ ವಿಡಿಯೊ ನೋಡಿದರು. ಯುಎಸ್‌ಬಿ ಡ್ರೈವ್ ದಾಟಿಸುತ್ತಿದ್ದಾರೆ, ಹೆರಾಯಿನ್, ಕೊಕೇನ್ ಸೀಸೆ ದಾಟಿಸಿದ ಹಾಗೆ ಅಂತ ಗುಲ್ಲೆಬ್ಬಿಸಿದರು. ಬೆದರಿಕೆಗಳ ಮಳೆ ಸುರಿಯಿತು. ಮನೆ ಬಿಟ್ಟು ಹೋಗುವುದು ಒಳ್ಳೆಯದು ಅಂತ ಎಫ್‌ಬಿಐ ಹೇಳಿ, ಆಕೆ ಸುಮಾರು ಎರಡು ತಿಂಗಳು ಮನೆ ಕಡೆ ಹೋಗಲಿಲ್ಲ. ಅಂದು ಮಗಳ ಕೈಗೆ ಹೋದದ್ದು ಒಂದು ಶುಂಠಿ ಪೆಪ್ಪರ್‌ಮೆಂಟು. 2023ರಲ್ಲಿ ಜ್ಯೂರಿ, ಜೂಲಿಯಾನಿ ಆ ತಾಯಿ ಮಗಳಿಗೆ 14.8 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದು ಹೇಳಿತು. ಭೂಮಿಯ ಮೇಲೆ ಇಷ್ಟು ದುಬಾರಿ ಪೆಪ್ಪರ್‌ಮೆಂಟು ಇನ್ನೊಂದಿರಲಿಕ್ಕಿಲ್ಲ.

ಇನ್ನು ಆ ದೇಶದ ಪ್ರಜೆಯಾಗಲು ಹೊರಟಿರುವ ಹಿರಿಯರ ಪಾಡು. ಸೆನೆಟರ್ ಆಗಲು ಯಾವ ಪರೀಕ್ಷೆಯೂ ಇಲ್ಲ. ಪೌರತ್ವಕ್ಕೆ ಇದೆ. 65 ತುಂಬಿ, ಗ್ರೀನ್ ಕಾರ್ಡ್ ಹಿಡಿದು 20 ವರ್ಷ ಅಲ್ಲೇ ಇದ್ದವರಿಗೆ ಸ್ವಲ್ಪ ರಿಯಾಯಿತಿ. 20 ಪ್ರಶ್ನೆ ಓದಿಕೊಂಡರೆ ಸಾಕು, 10 ಕೇಳುತ್ತಾರೆ, 6 ಸರಿ ಇರಬೇಕು. ಉತ್ತರವನ್ನು ತಮ್ಮ ಭಾಷೆಯಲ್ಲೇ, ಬೇಕಿದ್ದರೆ ಕನ್ನಡದಲ್ಲೇ ಹೇಳಬಹುದು. ಈ ಪರೀಕ್ಷೆಯಲ್ಲಿ ಬಹಳ ಕಾಲದಿಂದ ಇರುವ ಪ್ರಶ್ನೆ ಒಂದಿದೆ: ನಿಮ್ಮ ರಾಜ್ಯದ ಸೆನೆಟರ್ ಒಬ್ಬರ ಹೆಸರು ಹೇಳಿ. ಬೇರೆ ರಾಜ್ಯದ ಅಜ್ಜಿಯರು ಚುನಾವಣೆ ಆದಾಗಲೆಲ್ಲ ಹೊಸ ಹೆಸರು ಬಾಯಿಪಾಠ ಮಾಡಬೇಕಾಗುತ್ತೆ. ಅಯೋವಾಕ್ಕೆ ಸೊಸೆಯಾಗಿ ಬಂದ ನಮ್ಮ ಹಾಸನದ ಹೆಣ್ಣುಮಗಳಿಗೆ ಆ ತಾಪತ್ರಯ ಇಲ್ಲ. ಗ್ರಾಸ್ಲಿ 1981ರಿಂದ ಸೆನೆಟ್‌ನಲ್ಲಿದ್ದಾರೆ. ಬಂದ ಹೊಸದರಲ್ಲಿ ಉರು ಹೊಡೆದ ಉತ್ತರ, ಮೊಮ್ಮಗನ ಮದುವೆ ಹೊತ್ತಿಗೂ ಸರಿಯಾಗಿಯೇ ಇದೆ.