ಯಜಮಾನ್ರು ಇಲ್ವಾ ಮೇಡಂ?

ಸಂಪಿನ ಮೋಟರ್ ಎರಡು ದಿನದಿಂದ ಸುಮ್ನೆ ಗುಂಯ್ ಅನ್ನುತ್ತಿತ್ತು, ನೀರು ಮೇಲೇರುತ್ತಿರಲಿಲ್ಲ. ರಿಪೇರಿಯವನಿಗೆ ಫೋನ್ ಮಾಡಿದವಳು ನಾನು. ಬಾಗಿಲು ತೆಗೆದವಳೂ ನಾನೇ. ಅವನು ನನ್ನ ಹೆಗಲ ಮೇಲಿಂದ ಒಳಗೆ ಇಣುಕಿ, "ಯಜಮಾನ್ರು ಇಲ್ವಾ ಮೇಡಂ?" ಅಂದ.

"ಕೆಪಾಸಿಟರ್ ಹೋಗಿರಬೇಕು, ಹೋದ ಸಲವೂ ಹೀಗೇ ಆಗಿತ್ತು" ಅಂದೆ. ಕೇಳಿಸಲೇ ಇಲ್ಲ. ನಮ್ಮವರು ಟವೆಲ್ ಸುತ್ತಿಕೊಂಡು ಬಂದು ಅದೇ ಮಾತು ಹೇಳಿದರು (ಅವರಿಗೆ ಹೇಳಿಕೊಟ್ಟವಳೂ ನಾನೇ). "ಕರೆಕ್ಟ್ ಸಾರ್" ಅಂತ ತಕ್ಷಣ ಸ್ಕ್ರೂಡ್ರೈವರ್ ತೆಗೆದ. ಮೋಟರ್ ಸ್ವಿಚ್ ಎಲ್ಲಿದೆ ಅಂತಲೇ ಸಾರ್‌ಗೆ ಗೊತ್ತಿಲ್ಲ! ದುಡ್ಡು ಹೋಗಿದ್ದು ನನ್ನ ಫೋನಿಂದ.

2013ರ ಆಹಾರ ಭದ್ರತಾ ಕಾಯ್ದೆ ಪ್ರಕಾರ ರೇಷನ್ ಕಾರ್ಡಿನಲ್ಲಿ ಮನೆಯ ಹಿರಿಯ ಹೆಂಗಸೇ ಯಜಮಾನಿ. ಗೃಹಲಕ್ಷ್ಮಿಯ 2,000 ರೂಪಾಯಿ ಬರುವುದೂ ಯಜಮಾನಿಯ ಖಾತೆಗೇ. ಕಾಗದದಲ್ಲಿರುವ ಆ ಯಜಮಾನಿ ಬಾಗಿಲಲ್ಲಿ ನಿಂತರೆ ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ.

ಇದಕ್ಕಿಂತ ಜಾಸ್ತಿ ಮೈ ಉರಿಯುವುದು ಯಾವುದಕ್ಕೆ ಗೊತ್ತಾ? ಮೊನ್ನೆ ನೀರಿನ ಫಿಲ್ಟರ್ ಮಾರುವವನು ಬಂದಿದ್ದ. ಬೇಡ ಅಂತ ನಾನು ಆಗಲೇ ತೀರ್ಮಾನಿಸಿ ಆಗಿತ್ತು. ಆದರೂ ಬಾಯಿಂದ ಬಂದಿದ್ದು, "ತಡೀರಿ, ನಮ್ಮೆಜಮಾನ್ರನ್ನ ಕೇಳಿ ಹೇಳ್ತೀನಿ."